ಪೆನ್ನಿನ ಜೇಬು

“ಎಡಗಡೆ ನಂಗಿರ್ಲಿ ಭಾವ, ನೀವು ಬಲಗಡೆ ನೋಡ್ಕೊಳ್ಳಿ” ಎಂದು ಅವನು ಮೂರನೆಯ ಸಲ ಹೇಳಿದಾಗ ಅಕ್ಕನ ಗಂಡ ಕಾರಿನಡಿಯಿಂದ ತಲೆ ಹೊರಗೆ ಹಾಕಿ ನಕ್ಕರು. ಮೂಗಿನ ತುದಿಯಲ್ಲಿ ಗ್ರೀಸು, ಹುಬ್ಬಿನ ತುಂಬ ತುಕ್ಕಿನ ಪುಡಿ. “ಏನೋ ಇದು, ಆಸ್ತಿ ಪಾಲು ಮಾಡ್ಕೊಳ್ಳೋ ಥರ ಆಡ್ತೀಯಲ್ಲ! ಸರಿ, ಎಡಗಡೆ ನಿಂದೇ. ಆ ಸ್ಪ್ರಿಂಗಿನ ಬೋಲ್ಟೊಂದು ಬಿಚ್ಚಿಕೊಡು, ನಿನ್ನ ಉಪಕಾರ ಮರೆಯಲ್ಲ.”

ಮನೆ ಪಕ್ಕದ ಶೆಡ್ಡಿನಲ್ಲಿ ಹಳೆಯ ಕಾರು ಚಕ್ರ ಕಳಚಿಕೊಂಡು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಅಡಿಭಾಗದ ತುಕ್ಕನ್ನೆಲ್ಲ ಕೆರೆದು, ಹಿಂದಿನ ಸ್ಪ್ರಿಂಗು ಬದಲಾಯಿಸಿ, ಇನ್ನೂ ಹತ್ತು ವರ್ಷ ಓಡಿಸುತ್ತೇನೆಂದು ಭಾವ ಹಟ ಹಿಡಿದಿದ್ದರು. ನಾಲ್ಕು ವರ್ಷದ ಹಿಂದೆ ಹೊಸ ಕಾರು ಕೊಂಡಾಗ ಅವನು, ತಾನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ ಇದನ್ನು ಅಕ್ಕನಿಗೆ ಉಡುಗೊರೆಯಾಗಿ ಕೊಟ್ಟಿದ್ದ. ತಮ್ಮ ಅಂದರೆ ಹೀಗಿರಬೇಕು ಎಂದು ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಅವನೂ ಹಲ್ಲು ಕಿರಿದುಕೊಂಡು ಕೇಳಿಸಿಕೊಂಡಿದ್ದ. ಎಡಗಡೆ ಸ್ಪ್ರಿಂಗು ಕೂರುವ ಜಾಗದ ಪಕ್ಕದಲ್ಲೇ ಅಂಗೈಯಗಲ ತೂತಿದೆ, ಬೆಸುಗೆ ಹಾಕಿಸದೆ ಓಡಿಸಬೇಡಿ ಎಂದು ಮೆಕ್ಯಾನಿಕ್ ಹೇಳಿದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಮರುದಿನವೇ ಕಾರು ಕೊಡಬೇಕಿತ್ತು. ಕೈಗೆ ಸಿಕ್ಕಿದ ಬಟ್ಟೆಯನ್ನು ತೂತಿಗೆ ತುರುಕಿ, ಪುಟ್ಟಿ ಮೆತ್ತಿ, ಮೇಲೆ ಎರಡು ಸಲ ಟಾರು ಬಣ್ಣ ಬಳಿದು ಕೈ ತೊಳೆದುಕೊಂಡಿದ್ದ. ಈಗ ಭಾವನ ಕಣ್ಣಿಗೆ ಬೀಳುವ ಮುಂಚೆ ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಹೋಗಬೇಕೆಂದೇ ಬೆಳಿಗ್ಗೆ ಬೆಳಿಗ್ಗೆಯೇ ಓಡಿಬಂದಿದ್ದ. ಕರೆಯದೆಯೇ ಸಹಾಯಕ್ಕೆ ಬಂದನೆಂದು ಅಕ್ಕನಿಗೆ ಹಿಗ್ಗೋ ಹಿಗ್ಗು.

ಆದರೆ ಮೊದಲು ಭಾವ ಕಾಯುತ್ತಿದ್ದ ಬೋಲ್ಟನ್ನು ಬಿಚ್ಚಿಕೊಡಬೇಕಿತ್ತು, ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟಾಯಿತು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜೋತುಬಿದ್ದಾಯಿತು. ಅವನು ಹೀಗೆ ಗುದ್ದಾಡುತ್ತಿದ್ದಾಗ ಭಾವ ತಮ್ಮ ಕಡೆಯಿಂದ ತೆವಳಿಕೊಂಡು ಬಂದೇಬಿಟ್ಟರು. ಕೈಯಲ್ಲಿ ಸಣ್ಣ ಸುತ್ತಿಗೆ. ಗೇಣಿಗೊಂದು ಸಲ ತಗಡನ್ನು ತಟ್ಟಿ, ತಲೆ ಓರೆ ಮಾಡಿಕೊಂಡು ಸದ್ದು ಕೇಳುವುದು ಅವರ ಪದ್ಧತಿ. ಗಟ್ಟಿ ಕಬ್ಬಿಣವಾದರೆ ಠಣ್ ಅನ್ನುತ್ತದೆ. ಠಣ್, ಠಣ್, ಠಣ್. ಆಮೇಲೆ ದಬ್.

“ಅಲ್ಲೇನಿಲ್ಲ ಭಾವ, ಟಾರು ದಪ್ಪ ಇದೆ, ಅಷ್ಟೇ” ಎಂದ.

“ಟಾರು ಹೀಗನ್ನಲ್ಲಪ್ಪ” ಎಂದು ಭಾವ ಉಳಿಯಿಂದ ಒತ್ತಿದರು. ತಟ್ಟೆಯಗಲದ ಚೂರು ಇಬ್ಬರ ಮುಖದ ಮೇಲೂ ಉದುರಿತು. ಅಂಗೈಯಗಲದ ತೂತು ಅಂಗೈಯಗಲ ಉಳಿದಿರಲಿಲ್ಲ. ಒಳಗಿನ ಬಟ್ಟೆ ನಾಲ್ಕು ವರ್ಷ ನೀರು ಕುಡಿದು ಕುಡಿದು ಸುತ್ತಲಿನ ಕಬ್ಬಿಣವನ್ನೆಲ್ಲ ತಿಂದುಹಾಕಿತ್ತು. ತೂತನ್ನು ತೂತಾಗಿಯೇ ಬಿಟ್ಟಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ಅದರಾಚೆ ಹಿಂದಿನ ಸೀಟಿನ ತಳ ಕಾಣುತ್ತಿತ್ತು. ಅಕ್ಕ ದಿನಾ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ ಸೀಟು.

“ನಿನಗೆ ಈ ಕಾರು ಮಾರಿದ್ನಲ್ಲ, ಅವನೆಂಥ ಖದೀಮನೋ!” ಎಂದು ಭಾವ ಕಪ್ಪು ಮುದ್ದೆಯನ್ನು ಎಳೆದು ಹೊರಗೆಸೆದರು. “ಸ್ಪ್ರಿಂಗು ಕಿತ್ಕೊಂಡು ಬಂದಿದ್ರೆ ಏನು ಗತಿ? ಸರಿಯಾಗಿ ಟೋಪಿ ಹಾಕಿದಾನೆ ನಿನಗೆ. ಪಾಪ, ನಿನಗೇನು ಗೊತ್ತು.”

ಈಗ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡ. ಬಾಯಿಂದ ಬಂದದ್ದು “ಹೂಂ ಭಾವ, ಇರಬಹುದು” ಎಂಬ ಮಾತು. ಅದನ್ನು ಆಡಿದ ಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮುದ್ದೆ ಹೋಗಿ ಬಿದ್ದದ್ದು ಚಹಾ ತಂದಿದ್ದ ಅಕ್ಕನ ಕಾಲ ಬಳಿ. ಮನೆಯಲ್ಲೇ ಹೊಲಿಗೆ ಮಾಡುವ ಅವಳ ಕೊರಳಲ್ಲಿ ಅಳತೆಯ ಟೇಪು ಸದಾ ನೇತಾಡುತ್ತಿರುತ್ತದೆ. ಬಟ್ಟೆ ಅಂತ ಏನು ಕಂಡರೂ ಮುಟ್ಟಿ ನೋಡದೆ ಬಿಡುವವಳಲ್ಲ. ಕುಕ್ಕರಗಾಲಲ್ಲಿ ಕೂತು ಬಿಡಿಸಿದಳು. ಟಾರು ಹತ್ತದ ಒಂದು ಮಡಿಕೆಯಲ್ಲಿ ಹಸಿರು ಗೆರೆಗಳಿದ್ದವು. ಎದೆಯ ಜೇಬು. ಜೇಬಿನೊಳಗೆ ಸಪೂರದ ಇನ್ನೊಂದು ಜೇಬು. ಹೋದಲ್ಲೆಲ್ಲ ಪೆನ್ನು ಕಳೆದುಕೊಂಡು ಬರುವ ತಮ್ಮನಿಗಾಗಿ, ಹೊಲಿಗೆ ಕಲಿತ ಹೊಸತರಲ್ಲಿ ಅವಳೇ ಯೋಚಿಸಿ, ತಾನು ಹೊಲಿದ ಅಂಗಿಗೆ ಇಟ್ಟಿದ್ದು ಅದು. ಬಣ್ಣ ಹಿಡಿಸದ ಆ ಅಂಗಿಯನ್ನು ಅವನು ಒಂದು ದಿನವೂ ತೊಟ್ಟಿರಲಿಲ್ಲ. ಬಸ್ಸಿನಲ್ಲಿ ಬ್ಯಾಗಿನ ಸಮೇತ ಹೋಯಿತೆಂದು ಹೇಳಿದಾಗ, ಹೋದರೆ ಹೋಗಲಿ ಬಿಡೋ ಎಂದು ಅವಳೇ ಸಮಾಧಾನ ಮಾಡಿದ್ದಳು. ತೂತಿಗೆ ತುರುಕಿದ್ದು ಯಾವ ಬಟ್ಟೆ ಎಂಬುದು ಅವನಿಗೆ ಮರೆತೇಹೋಗಿತ್ತು.

“ಏನೇ ಅದು?” ಭಾವ ಕಾರಿನಡಿಯಿಂದಲೇ ಕೇಳಿದರು.

“ಯಾವುದೋ ಹಳೇ ಚಿಂದಿ” ಎಂದಳು ಅಕ್ಕ. ಸುತ್ತಿಗೆಯ ಸದ್ದು ಮತ್ತೆ ಶುರುವಾಯಿತು.

ಅವನು ತೆವಳಿಕೊಂಡು ಹೊರಗೆ ಬಂದು ಎದ್ದು ನಿಂತ. ತಲೆ ಎತ್ತಲಾಗಲಿಲ್ಲ. “ಅಕ್ಕಾ...” ಎಂದ. ಅವಳು ಕೊರಳಿನ ಟೇಪು ತೆಗೆದು ಅವನ ಭುಜದ ಮೇಲೆ ಹಿಡಿದಳು. ಆಮೇಲೆ ಎದೆಗೆ ಸುತ್ತಿದಳು. ಕಪಾಳಕ್ಕೆ ಎರಡು ಬಿಟ್ಟಿದ್ದರೂ ಇದಕ್ಕಿಂತ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

“ಬೇಡ ಅಕ್ಕಾ.”

“ಅಲ್ಲಾಡ್ಬೇಡ, ನೆಟ್ಟಗೆ ನಿಂತ್ಕೋ. ಈ ಸಲ ಎರಡು ಹೊಲಿತೀನಿ ಕಣೋ” ಎಂದಳು, ದನಿ ಏರಿಸದೆ. “ತೂತಿಗೊಂದು, ಮೈಗೊಂದು.”

ಕಾರಿನಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು.