ಕೊಳಲಿನ ಉತ್ತರ

ಜಡೆಯ ತಮಟೆ ನಿಲ್ಲಿಸಿ ಕಿವಿಗೊಟ್ಟ. ಹಿಂದಿನಿಂದ ಕೊಳಲು ಉತ್ತರ ಕೊಟ್ಟಿತು. ಮೂರನೆಯ ಸಲವೂ ಅದೇ ಉತ್ತರ.

ತಾಳಮಲೆಯ ಕಾಡುಹಾದಿಯಲ್ಲಿ ಆ ಮೇಳ ನಡೆಯುವುದೇ ಹಾಗೆ. ಮುಂದೆ ಜಡೆಯನ ತಮಟೆ, ನಡುವೆ ತಂಗಿ ರಂಗಿಯ ಹಾಡು, ಕೊನೆಯಲ್ಲಿ ರಂಗಿಯ ಗಂಡ ಕ್ಯಾತನ ಕೊಳಲು. ಆನೆ ಓಡಾಡುವ ಕಡೆ ಹೆಸರು ಹಿಡಿದು ಕೂಗಬಾರದು, ತಿರುಗಿ ನೋಡಬಾರದು. ತಮಟೆ ಕೇಳಬೇಕು, ಕೊಳಲು ಹೇಳಬೇಕು. ಎಲ್ಲರೂ ಇದ್ದಾರೆಂದು ತಿಳಿಯುವುದು ಅದರಿಂದಲೇ. ಎಪ್ಪತ್ತೆರಡನೇ ಇಸವಿಯಲ್ಲಿ ಮೇಳ ಕಟ್ಟಿದಾಗಿನಿಂದ ಅವರು ಕಲಿತದ್ದನ್ನು ಬಾರಿಸಿದವರಲ್ಲ. ಆ ಗಳಿಗೆಗೆ ಹುಟ್ಟಿದ್ದೇ ಹಾಡು. ಕ್ಯಾತನಂತೂ ಒಮ್ಮೆ ಊದಿದ್ದನ್ನು ಮತ್ತೊಮ್ಮೆ ಊದುತ್ತಲೇ ಇರಲಿಲ್ಲ. "ಉಗುಳಿದ್ದ ಯಾರಾರ ನೆಕ್ತಾರ?" ಎನ್ನುತ್ತಿದ್ದ.

ಜಡೆಯ ತಮಟೆಯ ಗತ್ತು ಬದಲಿಸಿ, ಜೋರಾಗಿ ಬಾರಿಸಿ ನಿಲ್ಲಿಸಿದ. ಮತ್ತೆ ಅದೇ ಉತ್ತರ.

"ಯಾಕಣ್ಣ ನಿಂತ್ಕಂಡೆ? ಬತ್ತಾವ್ನೆ ಕಣಣ್ಣ, ಕೇಳ್ತಾ ಇಲ್ವಾ?" ರಂಗಿ ನಕ್ಕು ಮುಂದಿನ ಸೊಲ್ಲು ಎತ್ತಿಕೊಂಡಳು.

"ಆಡು ನಿಲ್ಸವ್ವ," ಎಂದ ಜಡೆಯ.

ಅವನು ಕಟ್ಟಳೆ ಮುರಿದು ತಿರುಗಿದ. ರಂಗಿಯ ಹಿಂದೆ ಹಾದಿ ಮಧ್ಯಾಹ್ನದ ಬಿಸಿಲಲ್ಲಿ ನೆಟ್ಟಗೆ, ಖಾಲಿಯಾಗಿ ಬಿದ್ದಿತ್ತು. ಕೊಳಲು ಮತ್ತೆ ನುಡಿಯಿತು, ಮತ್ತಿಮರದ ತುದಿಯಿಂದ. ಮರದಿಂದ ಮರಕ್ಕೆ ಹಾರುತ್ತ ಅವರ ಬೆನ್ನಿಗೇ ಬಂದಿದ್ದ, ಕೇಳಿದ ದನಿಯನ್ನೆಲ್ಲ ಕದಿಯುವ ಕಾಜಾಣ ಬಾಲ ಕುಣಿಸಿ, ಕ್ಯಾತನ ಕೊನೆಯ ಉತ್ತರವನ್ನು ಇನ್ನೊಮ್ಮೆ ಹೇಳಿತು.