ಹೊಡೆದುಹಾಕಿದ ಸಾಲು

ವೆಂಕೋಬ ವೈದ್ಯಕೀಯ ಜರ್ನಲ್‌ನ ನಾಲ್ಕು ಪುಟಗಳ ಮೇಲೆ ಬೆರಳಾಡಿಸುತ್ತ ಹೆಂಡತಿಯ ಹೆಸರನ್ನು ಹುಡುಕುತ್ತಿದ್ದ. ಹುಲಿಗೆಮ್ಮನ ವಿಷಯ ಅಚ್ಚಾಗಿದೆಯೆಂದು ಅವಳಿಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರ್ ಉಮಾದೇವಿ ಫೋನ್ ಮಾಡಿದ್ದರಿಂದ, ದೇವದುರ್ಗದಿಂದ ಮೊದಲ ಬಸ್ಸಿಗೇ ರಾಯಚೂರಿಗೆ ಬಂದಿದ್ದ.

"ಇದ್ರಾಗ ಆಕಿ ಎಲ್ಲಿ ಅದಾಳ್ರೀ ಮೇಡಂ?"

"ರೋಗಿ ಹೆಸರು ಹಾಕಂಗಿಲ್ಲಪ್ಪ," ಎಂದರು ಡಾಕ್ಟರ್. "ಮೂವತ್ತೊಂದು ವರ್ಷದ ಹೆಣ್ಮಗಳು, ಹಾವು ಕಡಿದಿತ್ತು ಅಂತ ಅದ. ಇದನ್ನ ಓದಿದ ಡಾಕ್ಟರು ಇನ್ನೊಬ್ಬರ ಜೀವ ಉಳಿಸ್ತಾರ."

ವೆಂಕೋಬ ತಲೆಯಾಡಿಸಿದ. ಹತ್ತಿ ಹೊಲದಲ್ಲಿ ಹುಲಿಗೆಮ್ಮನಿಗೆ ಹಾವು ಕಡಿದಾಗ ಅವನು ಪುಣೆಯಲ್ಲಿ ಗಾರೆ ಕೆಲಸದಲ್ಲಿದ್ದ. ರೈಲು ಇಳಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಕಡೀಗೆ ಏನರ ಅಂದಳೇನ್ರೀ?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

ಡಾಕ್ಟರ್ ಎದ್ದು ಬೀರುವಿನಿಂದ ತಾವು ಬರೆದ ಆ ಲೇಖನದ ಮೊದಲ ಕರಡನ್ನು ತೆಗೆದರು. ಅಚ್ಚಿಗೆ ಮುನ್ನ ಪರಿಶೀಲಿಸಿದ ತಜ್ಞರು 'ಅನಗತ್ಯ' ಎಂದು ಬರೆದು ಅದರಲ್ಲಿ ಒಂದು ಸಾಲನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದ್ದರು. ಆ ಸಾಲನ್ನೇ ಡಾಕ್ಟರ್ ಕನ್ನಡದಲ್ಲಿ ಓದಿ ಹೇಳಿದರು: "ವಿಷದಿಂದ ರೆಪ್ಪೆ ಮುಚ್ಚಿಹೋಗಿದ್ದರೂ ರೋಗಿಗೆ ಪೂರ್ಣ ಎಚ್ಚರವಿತ್ತು; ಹೆಜ್ಜೆಯ ಸಪ್ಪಳ ಕೇಳಿದಾಗಲೆಲ್ಲ, 'ನಮ್ಮನಿಯವ್ರು ಬಂದ್ರೇನ್ರೀ?' ಎಂದು ಕೇಳುತ್ತಿದ್ದಳು."

ವೆಂಕೋಬ ಆ ಹಾಳೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಪಕ್ಕದಲ್ಲಿ ಯಾರೋ ಮಲಗಿರುವಂತೆ ಅದರತ್ತ ಬಾಗಿ, ಮೆಲ್ಲಗೆ ಅಂದ:

"ಬಂದೀನಿ ಬೇ."