ಹಿತ್ತಾಳೆ ಬಿಂದಿಗೆಯ ನೀರು

ತುಮಕೂರಿನ ನಮ್ಮ ಮನೆಯಲ್ಲಿ ನೀರಿನ ಕ್ಯಾನಿಗೆ ಹೊದಿಸಿದ ಹಳೇ ಬಟ್ಟೆ ಒದ್ದೆಯಾದಾಗಲೆಲ್ಲ, ಆ ವಾಸನೆ ನನ್ನನ್ನು ನಿಟ್ಟೂರಿನ ಅಜ್ಜಿಯ ಅಡುಗೆಮನೆಗೆ ಕರೆದೊಯ್ಯುತ್ತದೆ.

ಅಲ್ಲಿ ಎರಡು ಬಿಂದಿಗೆಗಳಿದ್ದವು. ಪ್ಲಾಸ್ಟಿಕ್ಕಿನದರಲ್ಲಿ ಬೋರ್‌ವೆಲ್ಲಿನ ಉಪ್ಪುನೀರು. ಬಾಯಿಗೆ ಪಂಚೆಯ ತುಂಡು ಕಟ್ಟಿದ ಹಿತ್ತಾಳೆಯದರಲ್ಲಿ, ದೂರದ ತೋಟದ ಬಾವಿಯಿಂದ ಅಜ್ಜಿ ದಿನಕ್ಕೊಮ್ಮೆ ಹೊತ್ತು ತರುತ್ತಿದ್ದ ಸಿಹಿನೀರು. ಉಪ್ಪುನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಹಾಗಾಗಿ ಸಿಹಿನೀರು ಕುಡಿಯುವುದಕ್ಕೆ, ಸಾರಿಗೆ ಮಾತ್ರ.

ಒಂದು ಮಧ್ಯಾಹ್ನ ಆಟವಾಡಿ ಬಂದವಳು, ತಣ್ಣಗಿದೆಯೆಂದು ಹಿತ್ತಾಳೆ ಬಿಂದಿಗೆಯನ್ನೇ ಬಗ್ಗಿಸಿ ಕಾಲು ತೊಳೆದುಕೊಂಡೆ. ಕೆಮ್ಮಣ್ಣು ಕಲಸಿಕೊಂಡು ಹರಿಯುತ್ತಿದ್ದ ನೀರನ್ನು ನೋಡುತ್ತ ಅಜ್ಜಿ ಬಾಗಿಲಲ್ಲೇ ನಿಂತಳು.

"ಏನ್ಲೇ, ತಣ್ಗಿತ್ತಾ?" ಅಂದಳು, ಅಷ್ಟೇ.

ತಳದಲ್ಲಿ ಒಂದು ಚೊಂಬಿನಷ್ಟು ನೀರು ಉಳಿದಿತ್ತು. ರಾತ್ರಿ ಊಟಕ್ಕೆ ಕೂತಾಗ ಅದನ್ನು ನನ್ನ ಮುಂದಿಟ್ಟು, ತಾನು ಪ್ಲಾಸ್ಟಿಕ್ ಬಿಂದಿಗೆಯಿಂದ ಬಗ್ಗಿಸಿಕೊಂಡಳು.

"ನಿಂಗ್ಯಾಕಜ್ಜಿ ಉಪ್ಪುನೀರು?"

"ನಂಗಿದೇ ರುಚಿ ಕಣೇ. ನೀನ್ ಕುಡಿ."

ನಂಬಿ, ಎಳನೀರಿನಂಥ ಆ ನೀರನ್ನು ಕೊನೆಯ ಗುಟುಕಿನವರೆಗೂ ಕುಡಿದೆ. ಆಮೇಲೆ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರೆ, ಬೇಳೆ ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು.

"ಥೂ, ಬೇಳೆ ಬೆಂದೇ ಇಲ್ಲ" ಎಂದು ತಟ್ಟೆ ತಳ್ಳಿದೆ.

ಅಜ್ಜಿ ಅದನ್ನು ತನ್ನತ್ತ ಎಳೆದುಕೊಂಡು, ಒಂದೊಂದೇ ಬೇಳೆಯನ್ನು ನಿಧಾನಕ್ಕೆ ಅಗಿಯುತ್ತ ಪೂರ್ತಿ ಉಂಡಳು.